ಪರಸ್ಪರ ಒಪ್ಪಿಗೆಯ ವಿಚ್ಛೇದನ

ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಂದರೆ ಪತಿ ಪತ್ನಿಯರಿಬ್ಬರೂ ಕೂಡಿ ನ್ಯಾಯಾಲಯಕ್ಕೆ ಜಂಟಿ ಅರ್ಜಿ ಸಲ್ಲಿಸಿ, ಒಬ್ಬರ ಮೇಲೊಬ್ಬರು ದೋಷ ಹೊರಿಸದೆ, ತಮ್ಮ ವಿವಾಹವನ್ನು ಕಾನೂನಿನ ಪ್ರಕಾರ ಕೊನೆಗೊಳಿಸಿಕೊಳ್ಳುವ ವಿಧಾನ. ಭಾರತದಲ್ಲಿ ಹಿಂದೂ ವಿವಾಹ ಕಾಯ್ದೆ, 1955ರ ಕಲಂ 13ಬಿ ಇದಕ್ಕೆ ಆಧಾರವಾಗಿದೆ. ಈ ಕಾಯ್ದೆಯು ಹಿಂದೂಗಳಿಗೆ (ವೀರಶೈವ, ಲಿಂಗಾಯತರನ್ನು ಕಾಯ್ದೆ ಹೆಸರಿಸಿಯೇ ಸೇರಿಸಿದೆ) ಹಾಗೂ ಬೌದ್ಧ, ಜೈನ, ಸಿಖ್ಖರಿಗೆ ಅನ್ವಯಿಸುತ್ತದೆ.

ಹಿನ್ನೆಲೆ

1955ರ ಮೂಲ ಕಾಯ್ದೆಯಲ್ಲಿ ಈ ಅವಕಾಶವಿರಲಿಲ್ಲ. ವಿಚ್ಛೇದನ ಬೇಕಾದವರು ಕಾಯ್ದೆ ಹೇಳಿದ ಕಾರಣಗಳಲ್ಲೊಂದನ್ನು ಎದುರು ಪಕ್ಷದ ವಿರುದ್ಧ ಸಾಬೀತುಪಡಿಸಬೇಕಿತ್ತು. 1976ರ ತಿದ್ದುಪಡಿಯ ಮೂಲಕ ಕಲಂ 13ಬಿ ಸೇರ್ಪಡೆಯಾಯಿತು. ಅದಕ್ಕೂ ಮೊದಲೇ, 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಂಥ ಅವಕಾಶವಿತ್ತು. ಪಾರ್ಸಿಗಳಿಗೆ 1988ರಲ್ಲಿಯೂ ಕ್ರೈಸ್ತರಿಗೆ 2001ರಲ್ಲಿಯೂ ಇದು ದೊರೆಯಿತು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಇದಕ್ಕೆ ಸಮೀಪವಾದುದು ‘ಮುಬಾರತ್’.

ಛಾಪಾ ಕಾಗದದ ‘ವಿಚ್ಛೇದನ’

ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಕರಾರು ಬರೆದು, ನೋಟರಿಯ ಮುದ್ರೆ ಹಾಕಿಸಿಕೊಂಡರೆ ವಿಚ್ಛೇದನವಾಯಿತೆಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಇದು ತಪ್ಪು. ಅಂಥ ಕಾಗದದಿಂದ ವಿವಾಹ ರದ್ದಾಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಕೇಳಿಬರುವ ಸೋಡಚೀಟಿಯಂಥ ರೂಢಿಗತ ವಿಚ್ಛೇದನಗಳಿಗೆ ಕಾಯ್ದೆಯ ಕಲಂ 29(2) ರಕ್ಷಣೆ ನೀಡಿದೆಯಾದರೂ, ಆ ರೂಢಿಯು ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಿರಂತರವಾಗಿ ನಡೆದುಬಂದಿದೆಯೆಂಬುದನ್ನು ಅದನ್ನು ಮುಂದಿಡುವವರೇ ಸಾಬೀತುಪಡಿಸಬೇಕು. ಹಾಗೆ ಸಾಬೀತಾಗದಿದ್ದರೆ ಮರುಮದುವೆಯು ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧವಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 82ರಂತೆ ಇದಕ್ಕೆ ಏಳು ವರ್ಷಗಳವರೆಗೆ ಸೆರೆವಾಸವಿದೆ. ಹೆಚ್ಚಿನ ನಷ್ಟ ತಟ್ಟುವುದು ಎರಡನೆಯ ಮದುವೆಯಾಗಿ ಬಂದ ಹೆಣ್ಣುಮಗಳಿಗೆ. ಪಿಂಚಣಿ, ವಿಮೆ, ಆಸ್ತಿಯ ಪ್ರಶ್ನೆ ಎದ್ದಾಗ ಆಕೆ ಕಾನೂನಿನ ಕಣ್ಣಿಗೆ ಪತ್ನಿಯೇ ಆಗಿರುವುದಿಲ್ಲ.

ಅರ್ಹತೆ ಮತ್ತು ಕ್ರಮ

ದಂಪತಿಗಳು ಕನಿಷ್ಠ ಒಂದು ವರ್ಷದಿಂದ ಪ್ರತ್ಯೇಕವಾಗಿ ಬಾಳುತ್ತಿರಬೇಕು, ಕೂಡಿ ಬಾಳಲು ಅವರಿಗೆ ಸಾಧ್ಯವಾಗಿರಬಾರದು, ಬೇರೆಯಾಗಲು ಇಬ್ಬರೂ ಒಪ್ಪಿರಬೇಕು. ‘ಪ್ರತ್ಯೇಕ ವಾಸ’ವೆಂದರೆ ಬೇರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ಪತಿ ಪತ್ನಿಯರಾಗಿ ಬಾಳದಿದ್ದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯವು ಸುರೇಷ್ಟಾ ದೇವಿ ಪ್ರಕರಣದಲ್ಲಿ (1991) ಹೇಳಿದೆ.

ಕುಟುಂಬ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಸಂಬಂಧಿತ ಸಿವಿಲ್ ನ್ಯಾಯಾಲಯದಲ್ಲಿ, ಅರ್ಜಿ ಸಲ್ಲಿಸಿದ ಬಳಿಕ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಹಾಜರಾಗಿ ತಮ್ಮ ಇಚ್ಛೆಯನ್ನು ದೃಢಪಡಿಸಿದರೆ ನ್ಯಾಯಾಧೀಶರು ವಿಚಾರಿಸಿ ಡಿಕ್ರಿ ನೀಡುತ್ತಾರೆ. ಆರು ತಿಂಗಳ ಈ ಅವಧಿಯನ್ನು ಮನ್ನಾ ಮಾಡಬಹುದೆಂದು 2017ರ ಅಮರ್‌ದೀಪ್ ಸಿಂಗ್ ಪ್ರಕರಣದ ತೀರ್ಪು ತಿಳಿಸಿತು. ಆದರೆ ಅದಕ್ಕೆ ಷರತ್ತುಗಳಿವೆ: ಅರ್ಜಿಗೆ ಮೊದಲೇ ಒಟ್ಟು ಒಂದೂವರೆ ವರ್ಷದ ಪ್ರತ್ಯೇಕ ವಾಸ ಕಳೆದಿರಬೇಕು, ರಾಜಿ ಯತ್ನಗಳೆಲ್ಲ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಕ್ಕಳ ಪಾಲನೆಯ ವಿಚಾರ ಪ್ರಾಮಾಣಿಕವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯುವುದರಿಂದ ಯಾತನೆ ಮಾತ್ರ ಬೆಳೆಯುವಂತಿರಬೇಕು.

ಒಪ್ಪಿಗೆಯ ಸ್ವರೂಪ

ಈ ಕಲಮಿನ ಜೀವಾಳ ಇರುವುದು ಇಲ್ಲಿ. ಅರ್ಜಿಗೆ ಒಮ್ಮೆ ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆ ಪೂರ್ಣವಾಗದು. ಡಿಕ್ರಿ ಹೊರಬೀಳುವವರೆಗೂ ಅದು ಉಳಿದಿರಬೇಕು. ಸುರೇಷ್ಟಾ ದೇವಿ ಪ್ರಕರಣದಲ್ಲಿ, ತನ್ನ ಹೇಳಿಕೆಯನ್ನು ಒತ್ತಡ ಹೇರಿ ಪಡೆಯಲಾಗಿತ್ತೆಂದು ಪತ್ನಿ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದರು. ಹಾಗೆ ಒಬ್ಬರೇ ಹಿಂದೆ ಸರಿಯಬಹುದೆಂದು ನ್ಯಾಯಾಲಯ ಎತ್ತಿಹಿಡಿಯಿತು. ಎರಡನೆಯ ಹಂತದಲ್ಲಿ ಒಬ್ಬರು ಗೈರುಹಾಜರಾದರೆ ಆ ಮೌನವನ್ನು ಸಮ್ಮತಿಯೆಂದು ಭಾವಿಸಲಾಗದೆಂದು ಸ್ಮೃತಿ ಪಹಾರಿಯಾ ಪ್ರಕರಣ (2009) ಸ್ಪಷ್ಟಪಡಿಸಿತು. ಕಾಯುವ ಅವಧಿ ವ್ಯರ್ಥ ವಿಳಂಬವೆಂದು ದೂರುವವರು ಈ ಎರಡು ತೀರ್ಪುಗಳನ್ನು ಗಮನಿಸಬೇಕು. ತವರಿನ ಆಸರೆಯಿಲ್ಲದ, ಸಂಪಾದನೆಯಿಲ್ಲದ ಸ್ತ್ರೀಗೆ ಮರುಚಿಂತನೆಗೆ ಸಿಗುವ ಕಾಲ ಅದೊಂದೇ.

ಸಂಬಂಧ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣದಿಂದ, ಒಬ್ಬರು ಒಪ್ಪದಿದ್ದರೂ, ಸಂವಿಧಾನದ 142ನೆಯ ವಿಧಿಯಡಿ ವಿಚ್ಛೇದನ ನೀಡಬಹುದೆಂದು 2023ರಲ್ಲಿ ಶಿಲ್ಪಾ ಶೈಲೇಶ್ ಪ್ರಕರಣದ ಸಂವಿಧಾನ ಪೀಠ ಹೇಳಿದೆ. ಈ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ ಉಂಟು. ಅದನ್ನು ಹಕ್ಕೆಂದು ಯಾರೂ ಕೇಳುವಂತಿಲ್ಲ.

ಹಣ, ಆಸ್ತಿ, ಮಕ್ಕಳು

ಜಂಟಿ ಅರ್ಜಿಯ ಜೊತೆಗಿನ ಒಪ್ಪಂದಪತ್ರದಲ್ಲಿ ಶಾಶ್ವತ ಜೀವನಾಂಶ, ಸ್ತ್ರೀಧನದ ಒಡವೆಗಳ ವಾಪಸಾತಿ, ಜಂಟಿ ಸಾಲ, ಪರಸ್ಪರ ಹೂಡಿದ ಮೊಕದ್ದಮೆಗಳ ಮುಕ್ತಾಯ ಇವೆಲ್ಲವೂ ಬರೆದಿರಬೇಕು. ಹಣ ಯಾವ ದಿನ, ಎಷ್ಟು ಕಂತುಗಳಲ್ಲಿ ಎಂಬುದನ್ನು ಅಂಕಿ ಅಕ್ಷರಗಳೆರಡರಲ್ಲೂ ನಮೂದಿಸುವುದು ಕ್ಷೇಮ. ನಿವೇಶನವೋ ಮನೆಯೋ ಹಸ್ತಾಂತರವಾಗುವುದಿದ್ದರೆ ಚಕ್ಕುಬಂದಿ ಸಹಿತ ಪೂರ್ಣ ವಿವರ ಬೇಕು. ‘ಮನೆ ಆಕೆಗೆ ಸೇರತಕ್ಕದ್ದು’ ಎಂಬ ಒಂದು ಸಾಲನ್ನು ಹಿಡಿದು ಮುಂದೆ ಖಾತೆ ಬದಲಾವಣೆಗೆ ಹೋದವರು ತೊಂದರೆಗೀಡಾಗುತ್ತಾರೆ.

ತೆರಿಗೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಗಂಟಿನಲ್ಲಿ ದೊರೆತ ಜೀವನಾಂಶವು ಆದಾಯವಲ್ಲ, ಬಂಡವಾಳ ಸ್ವರೂಪದ್ದೆಂದು ಮುಂಬಯಿ ಉಚ್ಚ ನ್ಯಾಯಾಲಯವು ಪ್ರತಾಪಗಢದ ಮಾಹೇಶ್ವರಿ ದೇವಿ ಪ್ರಕರಣದಲ್ಲಿ ತೀರ್ಮಾನಿಸಿತು. ತಿಂಗಳು ತಿಂಗಳು ಬರುವ ಮೊತ್ತವನ್ನು ಮಾತ್ರ ಆದಾಯವಾಗಿ ಗಣಿಸಿತು. ಕೊಡುವವರಿಗೆ ಎರಡರಲ್ಲಿಯೂ ತೆರಿಗೆ ವಿನಾಯಿತಿಯಿಲ್ಲ.

ಮಗುವಿನ ಜೀವನಾಂಶದ ಹಕ್ಕನ್ನು ತಂದೆತಾಯಿ ತಮ್ಮ ಒಪ್ಪಂದದಿಂದ ಬಿಟ್ಟುಕೊಡುವಂತಿಲ್ಲ. ಪಾಲನೆ, ಶಿಕ್ಷಣಗಳ ಕುರಿತ ಆದೇಶಗಳನ್ನು ಕಲಂ 26ರ ಅನ್ವಯ ಡಿಕ್ರಿಯ ನಂತರವೂ ಬದಲಾಯಿಸಬಹುದು.

ವಿದೇಶದಲ್ಲಿರುವ ದಂಪತಿಗಳು

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅಲ್ಲಿಯ ನ್ಯಾಯಾಲಯದಿಂದ ವಿಚ್ಛೇದನ ಪಡೆಯುವವರಿದ್ದಾರೆ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ, ಆ ಕಾಯ್ದೆಯಲ್ಲಿಲ್ಲದ ಕಾರಣದ ಮೇಲೆ ಪರದೇಶದಲ್ಲಿ ಪಡೆದ ಏಕಪಕ್ಷೀಯ ತೀರ್ಪು ಭಾರತದಲ್ಲಿ ಮಾನ್ಯವಾಗದೆಂದು ವೈ. ನರಸಿಂಹ ರಾವ್ ಪ್ರಕರಣ (1991) ವಿಧಿಸಿದೆ. ಇಲ್ಲಿಯೇ ಜಂಟಿ ಅರ್ಜಿ ಸಲ್ಲಿಸುವವರು ಖುದ್ದಾಗಿ ಬರಲಾಗದಿದ್ದರೆ ವಿಡಿಯೊ ಮೂಲಕ ಹಾಜರಾಗಲು, ಇಲ್ಲವೇ ತಂದೆತಾಯಿ, ಒಡಹುಟ್ಟಿದವರಂಥ ನಿಕಟ ಬಂಧುಗಳು ಪ್ರತಿನಿಧಿಸಲು ನ್ಯಾಯಾಲಯ ಅನುಮತಿಸಬಹುದೆಂದು ಮೇಲೆ ಹೇಳಿದ 2017ರ ತೀರ್ಪಿನಲ್ಲಿದೆ.