ಸಿಂಧನೂರಿನ ಹಳೇ ಸ್ವಿಫ್ಟು

ಮಾರುತಿ ಸ್ವಿಫ್ಟ್ 2005ರ ಮೇ ತಿಂಗಳಲ್ಲಿ ಬಂತು. 1983ರಿಂದ ಡಬ್ಬಿಯಂಥ ಮಾರುತಿ 800 ನೋಡಿದ್ದ ನಮ್ಮ ಕಣ್ಣಿಗೆ ಇದು ರೇಸಿನ ಕಾರೇ! 2007ರಲ್ಲಿ ಇಟಲಿಯ ಫಿಯಟ್ ತಂತ್ರಜ್ಞಾನದ 1248 ಸಿಸಿ ಡೀಸೆಲ್ ಇಂಜಿನ್ನೂ ಸೇರಿತು. ನಮ್ಮದು ಆ ವರ್ಷದ್ದು.

ನೋಟ ರೇಸಿನದು, ದುಡಿಮೆ ಸಂಸಾರದ್ದು. ಸಿಂಧನೂರಿನ ಅಕ್ಕಿ ಎರಡು ಚೀಲ ಹಾಕಿದರೆ ಡಿಕ್ಕಿ ಭರ್ತಿ. ಹಿಂದಿನ ಕಿಟಕಿ ಸಣ್ಣದು. ಲಿಂಗಸುಗೂರಿಗೆ ಹೋಗುವಾಗ ಮಸ್ಕಿ ಬೆಟ್ಟ ನೋಡಲು ಮಕ್ಕಳು ಕತ್ತು ಚಾಚಬೇಕು. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿದ್ದು ಅಲ್ಲೇ ಅಲ್ಲವೆ?

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ನಮ್ಮದು ಮುಗಿದ 2022ರಲ್ಲೇ, ಏಪ್ರಿಲ್‌ನಿಂದ, ನವೀಕರಣ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಮಾರಿದರೆ ಬರುವ ದುಡ್ಡಿಗೆ ಇಂಥ ಗಟ್ಟಿ ಗಾಡಿ ಸಿಕ್ಕೀತೆ? ಕಟ್ಟಿಯೇಬಿಟ್ಟೆವು. ಇನ್ನೈದು ವರ್ಷ ನಮ್ಮದೇ.

ನಿಮ್ಮ ಹಳೇ ಗಾಡಿ ಕತೆ ಏನ್ರೀ?