ಜೋಕರ್ ಬಾಯಿ ಬಿಟ್ಟಾಗ

(ನಮ್ಮೂರ ಕಥೆ, ಭಾಗ 6)

ಕಳೆದ ತಿಂಗಳು ಕುಣಿಗಲ್‌ನಲ್ಲಿ ಒಂದು ಬರ್ತ್‌ಡೇ. ಆರು ನೂರು ರೂಪಾಯಿಗೆ ಜೋಕರ್ ವೇಷ ಹಾಕಿದ್ದೆ. "ಮಾತಾಡ್ಬೇಡ, ಬರೀ ಆಕ್ಷನ್ ಮಾಡು" ಅಂದಿದ್ರು. ಬಾಗಿಲಲ್ಲಿ ನಿಂತು ಕೈ ಬೀಸಿದ್ದೇ ತಡ, ಹುಡುಗ ಕಿಟಾರನೆ ಕಿರುಚಿ ಅಮ್ಮನ ಸೆರಗಲ್ಲಿ ಮುಖ ಮುಚ್ಕೊಂಡ. ನಗಿಸೋಕೆ ಹೋದವನು ದೆವ್ವ ಆಗಿಬಿಟ್ಟೆ!

2016ರ 'ಟೆರಿಫೈಯರ್' ಸಿನಿಮಾದ ಜೋಕರ್‌ನ ರೀಲ್ಸಲ್ಲಾದ್ರೂ ನೋಡಿರ್ತೀರ. ಲಕ್ಷ ಡಾಲರ್ ಕೂಡ ಮುಟ್ಟದ ಬಜೆಟ್. ಬಿಕಾಂ ಕಣ್ಣಲ್ಲಿ ನೋಡಿ: ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಸೆಟ್ ಇಲ್ಲ. ಇರೋದು ಬಿಳಿ ಬಳಿದ ಮುಖ, ಕಪ್ಪು ಬಾಯಿ, ಹೆಗಲಿಗೊಂದು ಕಸದ ಚೀಲ. ಆರ್ಟ್ ಅನ್ನೋ ಆ ಜೋಕರ್ ಒಂದೇ ಒಂದು ಮಾತಾಡಲ್ಲ. ನೋವಾದ್ರೂ ಕೂಗಲ್ಲ. ಖರ್ಚೇ ಇಲ್ಲದೆ ಭಯ ಹುಟ್ಟಿಸೋದು ಆ ಮೌನ.

ಈಗ ನಮ್ಮ ಗುಬ್ಬಿಗೆ ಬನ್ನಿ. 1884ರಲ್ಲಿ ಅಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಯ್ತು. ಮುಂದೆ ಅದರ ಮಾಲೀಕರಾದ ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದು ರಾಜನ ಪಾರ್ಟಲ್ಲಿ ಅಲ್ಲ, ಹಾಸ್ಯದಲ್ಲಿ. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ' ನಾಟಕದಲ್ಲಿ ಅವರ ಕಳ್ಳನ ಪಾತ್ರ ಮನೆಮಾತು. ಸ್ವಲ್ಪ ಯೋಚನೆ ಮಾಡಿ: ಒಂಟಿ ಹೆಣ್ಣು, ಅವಳನ್ನ ಕದ್ದೊಯ್ಯೋಕೆ ಬಂದ ಕಳ್ಳ. ಇವತ್ತಾದ್ರೆ ಪಕ್ಕಾ ಹಾರರ್ ಸೀನ್. ಆದ್ರೆ ವೀರಣ್ಣನವರ ಕಳ್ಳ ಬಾಯಿ ಬಿಟ್ರೆ ಜನ ಬಿದ್ದು ಬಿದ್ದು ನಗೋರು. 1935ರಲ್ಲಿ 'ಸದಾರಮೆ' ಸಿನಿಮಾನೂ ಆಯ್ತು, ಅದರಲ್ಲೂ ವೀರಣ್ಣನವರಿದ್ರು. ಎಷ್ಟೋ ವರ್ಷದ ಮೇಲೆ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ವೇಷದಲ್ಲಿ ರಂಗಕ್ಕೆ ಬಂದ್ರು.

ನಾಟಕ ಕಂಪನಿಗಳಿಗಿಂತ ಹಳೇದಾದ ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದಲ್ಲೂ ಅಷ್ಟೇ. ಹಾಸ್ಯಗಾರ ಹನುಮನಾಯಕನ ಬಂಡವಾಳನೇ ಮಾತು. ವೇಷ ಎಷ್ಟೇ ವಿಚಿತ್ರ ಇರ್ಲಿ, ನಮ್ಮ ಭಾಷೇಲಿ ಕಾಲೆಳೆದ ಅಂದ್ರೆ ಒಳಗಿರೋನು ನಮ್ಮೋನೇ ಅಂತ ಗೊತ್ತಾಗುತ್ತೆ. ಮಾತೇ ಬರದಿದ್ರೆ, ಒಳಗೆ ಯಾರಿದ್ದಾರೋ ಅನ್ನೋ ಅನುಮಾನ. ಭಯ ಅಲ್ಲಿಂದಾನೇ ಶುರು.

ಆ ಹುಡುಗನ ಮುಂದೆ ನಾನೂ ಮಂಡಿಯೂರಿ ಕೂತೆ. ಕೆಂಪು ಮೂಗು ಕಿತ್ತು ಕೈಲಿಟ್ಕೊಂಡೆ. "ಲೋ ಮರಿ, ತುಮಕೂರಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿದೀನಿ ಕಣೋ. ಒಂದು ಪೀಸ್ ಕೇಕಾದ್ರೂ ಕೊಡಲ್ವಾ?" ಅಂದೆ.

ಸೆರಗಿಂದ ಒಂದು ಕಣ್ಣು ಹೊರಗೆ ಬಂತು. ಹತ್ರ ಬರ್ಲಿಲ್ಲ. ಆದ್ರೆ ತನ್ನ ತಟ್ಟೇನ ನನ್ನ ಕಡೆ ಮೆಲ್ಲಗೆ ತಳ್ಳಿದ.

ಮಾತಾಡಿದ್ದಕ್ಕೆ ಕೆಲಸ ಕೊಟ್ಟೋರು ನೂರು ರೂಪಾಯಿ ಹಿಡ್ಕೊಂಡ್ರು. ಲಾಭನೋ ನಷ್ಟನೋ, ಲೆಕ್ಕ ನೀವೇ ಹಾಕಿ.