ಕಬ್ಬಿಣದ ಗುಲಾಬಿ

ಪೀಠೋಪಕರಣದ ಅಂಗಡಿಗಳಲ್ಲಿ ಈಗ ‘ರಾಟ್ ಐರನ್’ ಕನ್ನಡಿಗಳಿಗೆ ಒಳ್ಳೆಯ ಬೇಡಿಕೆ. ಕಪ್ಪು ಬಳ್ಳಿ, ಒಂದೆರಡು ಸುರುಳಿ, ನಡುವೆ ಗಾಜು. ಹೆಸರೇನೋ ಹಳೆಯದು, ಲೋಹ ಮಾತ್ರ ಬಹುಮಟ್ಟಿಗೆ ಕಾರ್ಖಾನೆಯ ಸಾದಾ ಉಕ್ಕು. ನಿಜವಾದ ಮೆತುಕಬ್ಬಿಣದಲ್ಲಿ ಇಂಗಾಲ ತೀರಾ ಕಡಿಮೆ. ಅದರೊಳಗೆ ಕಿಟ್ಟದ ಸಣ್ಣ ಎಳೆಗಳು ಮರದ ನಾರಿನಂತೆ ಓಡಿರುತ್ತವೆ. ಕಾಯಿಸಿ ಬಡಿದರೆ ಹೇಳಿದಂತೆ ಬಾಗುತ್ತದೆ. ಇಂಥ ಕಬ್ಬಿಣವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಕಳೆದ ಶತಮಾನದಲ್ಲೇ ನಿಂತುಹೋಯಿತು.

ಯುರೋಪಿನ ಸಿರಿವಂತರ ಮನೆಗಳಲ್ಲಿ ಕಬ್ಬಿಣಕ್ಕೆ ಬಹುಕಾಲ ಗೇಟು, ಬಾಲ್ಕನಿ, ಮೆಟ್ಟಿಲ ಕಟಕಟೆಗಳೇ ಜಾಗ. ಕನ್ನಡಿಗೆ ಬೇಕಾಗಿದ್ದುದು ಕೆತ್ತಿದ ಮರ, ಅದರ ಮೇಲೆ ಚಿನ್ನದ ರೇಕು. ಗಾಜೇ ದುಬಾರಿ. ಹಿಂಬದಿಗೆ ತವರ ಮತ್ತು ಪಾದರಸ ಬಳಿಯುತ್ತಿದ್ದ ಕೆಲಸಗಾರರು ವಿಷವೇರಿ ನರಳುತ್ತಿದ್ದರು. 1835ರಲ್ಲಿ ಜರ್ಮನಿಯ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳುಪದರ ಕೂರಿಸುವ ರಾಸಾಯನಿಕ ಕ್ರಮ ತೋರಿಸಿದ. ಮುಂದೆ ಕನ್ನಡಿ ಅಗ್ಗವಾಯಿತು. ಗಾಜಿನ ಬೆರಗು ಇಳಿದ ಮೇಲೆ ನೋಡುವವರ ಕಣ್ಣು ಚೌಕಟ್ಟಿನತ್ತ ತಿರುಗಿತೆಂದು ನನ್ನ ಊಹೆ.

ಆ ಚೌಕಟ್ಟಿಗೆ ಕಬ್ಬಿಣವನ್ನು ತಂದವರಲ್ಲಿ ಪ್ಯಾರಿಸ್ಸಿನ ಎಡ್ಗರ್ ಬ್ರಾಂಟ್ ಹೆಸರು ದೊಡ್ಡದು. ಹುಟ್ಟಿದ್ದು 1880ರಲ್ಲಿ, ಕಮ್ಮಾರಿಕೆ ಕಲಿತದ್ದು ವಿಯರ್‌ಝೋನ್ ಊರಿನ ತಾಂತ್ರಿಕ ಶಾಲೆಯಲ್ಲಿ. ಕುಲುಮೆಯಲ್ಲಿ ಎರಡು ತುಂಡು ಬೆಸೆಯಬೇಕಾದರೆ ಎರಡನ್ನೂ ಬೆಳ್ಳಗೆ ಕಾಯಿಸಿ ಬಡಿಯಬೇಕು. ಕಂಬಿಗೆ ಅದು ಸರಿ, ಗುಲಾಬಿಯ ಎಸಳಿನಷ್ಟು ತೆಳುವಾದದ್ದು ಆ ಶಾಖಕ್ಕೆ ಸುಟ್ಟೇ ಹೋಗುತ್ತದೆ. ಬ್ರಾಂಟ್ ಆಗಷ್ಟೇ ಬಂದಿದ್ದ ಆಕ್ಸಿಜನ್-ಅಸಿಟಿಲೀನ್ ಜ್ವಾಲೆಯನ್ನು ಹಿಡಿದ. ಬೇಕಾದ ಚುಕ್ಕಿಯಷ್ಟೇ ಕಾಯುತ್ತದೆ, ಎಸಳು ಉಳಿಯುತ್ತದೆ. ಜೊತೆಗೆ ಯಂತ್ರದ ಸುತ್ತಿಗೆಯನ್ನೂ ಇಟ್ಟ. ಕೈಕಸುಬಿನ ಮಡಿವಂತರಿಗೆ ಇದು ಒಪ್ಪಿಗೆಯಾಗುವಂಥದ್ದಲ್ಲ. ಆದರೆ ಹೀಗೆ ಮಾಡಿದ್ದರಿಂದಲೇ ಗುಲಾಬಿ, ಜರಿಗಿಡ, ಗಿಂಕೊ ಎಲೆ, ಚಿಮ್ಮುವ ಕಾರಂಜಿ ಎಲ್ಲವೂ ಕನ್ನಡಿಯ ಸುತ್ತ ಕಬ್ಬಿಣದಲ್ಲಿ ಮೂಡಿದವು. ಸುತ್ತಿಗೆಯ ಸಣ್ಣ ಗುರುತುಗಳನ್ನು ಅವನು ಉಜ್ಜಿ ಅಳಿಸಲಿಲ್ಲ. ಬೆಳಕು ಬಿದ್ದಾಗ ಆ ಹೊಂಡಗಳೇ ಮಿನುಗುತ್ತವೆ. 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದಲ್ಲಿ, ಮುಂದೆ ‘ಆರ್ಟ್ ಡೆಕೊ’ ಎಂಬ ಹೆಸರಿಗೆ ಮೂಲವಾದ ಪ್ರದರ್ಶನದಲ್ಲಿ, ಅವನ ‘ಓಯಸಿಸ್’ ಎಂಬ ಲೋಹದ ಪರದೆ ಜನರನ್ನು ಸೆಳೆಯಿತು.

ಕಲೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಬ್ರಾಂಟ್ ನಿಲ್ಲಲಿಲ್ಲ. ಮೊದಲ ಮಹಾಯುದ್ಧದಲ್ಲಿ ಅವನು ಕಂದಕದಿಂದ ಹಾರಿಸುವ 60 ಮಿಲಿಮೀಟರಿನ ಮಾರ್ಟರ್ ರೂಪಿಸಿದ್ದ. ಅದು ಸಿಡಿಮದ್ದಿನ ಬದಲು ಒತ್ತಿದ ಗಾಳಿಯಿಂದ ಗುಂಡು ತೂರುತ್ತಿತ್ತು. ಯುದ್ಧ ಮುಗಿದ ಮೇಲೆ ಸತ್ತವರ ಸ್ಮಾರಕದ ಕೆಲಸವೂ ಅವನಿಗೇ ಬಂತು. ಪ್ಯಾರಿಸ್ಸಿನ ವಿಜಯ ಕಮಾನಿನ ಕೆಳಗೆ, ಅಜ್ಞಾತ ಯೋಧನ ಸಮಾಧಿಯ ಬಳಿ, 1923ರ ನವೆಂಬರ್ 11ರಂದು ಹೊತ್ತಿಸಿದ ಜ್ಯೋತಿಯ ಲೋಹದ ಆಸನ ಅವನ ಕೈಯದು. ಮಗುಚಿದ ಗುರಾಣಿಯಂಥ ಬಿಲ್ಲೆ, ಅದರ ಮೇಲೆ ನಕ್ಷತ್ರದಂತೆ ಹರಡಿದ ಖಡ್ಗಗಳು, ನಡುವೆ ಆಕಾಶ ನೋಡುವ ಫಿರಂಗಿಯ ಬಾಯಿ. ಬೆಂಕಿ ಏಳುವುದು ಅಲ್ಲಿಂದ. 

ಆಮೇಲೆ ಬಂದದ್ದು 81 ಮಿಲಿಮೀಟರ್ ಮಾರ್ಟರ್. ಬ್ರಿಟನ್ನಿನ ಸ್ಟೋಕ್ಸ್ ಮಾರ್ಟರನ್ನು ತಿದ್ದಿ ಅವನ ಸಂಸ್ಥೆ ರೂಪಿಸಿದ ಈ ನಳಿಗೆ 1927ರ ಹೊತ್ತಿಗೆ ಫ್ರೆಂಚ್ ಸೈನ್ಯಕ್ಕೆ ಬಂತು, ಅನುಮತಿ ಪಡೆದು ಅಮೆರಿಕವೂ ತಯಾರಿಸಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕನ್ನಡಿ ಕೊಳ್ಳುವವರು ಕಡಿಮೆಯಾದರು, ಮಾರ್ಟರ್ ಕೊಳ್ಳುವವರು ಹೆಚ್ಚಿದರು. 1936ರಲ್ಲಿ ಫ್ರಾನ್ಸ್ ಸರ್ಕಾರ ಅವನ ಶಸ್ತ್ರಾಸ್ತ್ರ ಕಾರ್ಖಾನೆಯನ್ನು ರಾಷ್ಟ್ರೀಕರಿಸಿತು.

ಬ್ರಾಂಟ್ 1960ರಲ್ಲಿ ತೀರಿಕೊಂಡ. ಅವನ ಕನ್ನಡಿಗಳು ಹರಾಜಿಗೆ ಬಂದಾಗ ತಜ್ಞರು ಮೊದಲು ಹುಡುಕುವುದು ಚೌಕಟ್ಟಿನಲ್ಲಿ ಒತ್ತಿದ ‘ಇ. ಬ್ರಾಂಟ್’ ಮುದ್ರೆಯನ್ನು. ಸೈನಿಕ ಇತಿಹಾಸದ ಪುಸ್ತಕಗಳಲ್ಲಿ ಆ ಮಾರ್ಟರಿಗೂ ಅದೇ ಹೆಸರು: ಸ್ಟೋಕ್ಸ್-ಬ್ರಾಂಟ್.